ಮೆಟ್ಟಿಲಿಗೆ ಬೀಗ

ನಮ್ಮ ಶಾಲೆಯ ಮಹಡಿಗೆ ಎರಡು ಮೆಟ್ಟಿಲು ಸಾಲು. ಹಿಂದಿನದಕ್ಕೆ ಎಷ್ಟೋ ವರ್ಷಗಳಿಂದ ಬೀಗ. ಹುಡುಗರು ಪಾಠ ತಪ್ಪಿಸಿ ಓಡಬಾರದೆಂಬ ಸದುದ್ದೇಶ. ನನಗೂ ಅದು ತಪ್ಪೆನಿಸಿರಲಿಲ್ಲ.

ಎಂಟನೇ ತರಗತಿಗೆ ಟೈಟಾನಿಕ್ ಹಡಗಿನ ಕಥೆ ಹೇಳಿದ ದಿನ ಒಬ್ಬ ಹುಡುಗಿ ಎದ್ದು ನಿಂತಳು. "ಮುಳುಗೋಕೆ ಎರಡೂವರೆ ಗಂಟೆ ಮೇಲೆ ಹಿಡೀತಲ್ಲ ಮಿಸ್, ಕೆಳಗಿದ್ದವರು ಯಾಕೆ ಮೇಲೆ ಹತ್ತಿ ಬರಲಿಲ್ಲ?" ಉತ್ತರ ತಿಳಿಯಲಿಲ್ಲ. ಮನೆಗೆ ಬಂದು ಓದಲು ಕುಳಿತೆ.

1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಡಗು ಹಿಮದ ಗುಡ್ಡಕ್ಕೆ ತಾಗಿತು. 2.20ಕ್ಕೆ ಮುಳುಗಿತು. ದೋಣಿಗಳಿದ್ದದ್ದು ಎಲ್ಲಕ್ಕಿಂತ ಮೇಲಿನ ಡೆಕ್ಕಿನಲ್ಲಿ. ಮೊದಲ ದರ್ಜೆಯವರಿಗೆ ಗಾಜಿನ ಗುಮ್ಮಟದಡಿಯ ಭವ್ಯ ಮೆಟ್ಟಿಲು ನೇರ ಅಲ್ಲಿಗೇ ಒಯ್ಯುತ್ತಿತ್ತು. ಮೂರನೇ ದರ್ಜೆಯವರ ವಾಸ ಹಡಗಿನ ಎರಡು ತುದಿಗಳಲ್ಲಿ, ಕೆಳಗೆ. ಅವರ ಮೆಟ್ಟಿಲು ಅವರದೇ ಡೆಕ್ಕಿಗೆ ಮುಗಿಯುತ್ತಿತ್ತು. ದೋಣಿಗಳಿಗೆ ಹೋಗಲು ಮೇಲಿನ ದರ್ಜೆಯವರ ಜಾಗ ದಾಟಬೇಕು. ರೋಗ ಹರಡದಂತೆ ವಲಸಿಗರನ್ನು ಬೇರೆ ಇಡಬೇಕೆಂಬ ಅಮೆರಿಕದ ಕಾನೂನಿನಿಂದಾಗಿ ನಡುವೆ ತಡೆಗಳಿದ್ದವು. ಅಲ್ಲಿಯೂ ಸದುದ್ದೇಶವೇ ನೋಡಿ!

ಜಾನ್ ಹಾರ್ಟ್ ಎಂಬ ಪರಿಚಾರಕ ಮೊದಲು ಸುಮಾರು 30, ಮತ್ತೆ ಇಳಿದು ಹೋಗಿ ಸುಮಾರು 25 ಹೆಂಗಸರು ಮಕ್ಕಳನ್ನು ದಾರಿ ತೋರಿಸಿ ಮೇಲೆ ಕರೆತಂದ. ದಾರಿ ತೋರುವವರಿಲ್ಲದವರ ಗತಿ ಲೆಕ್ಕದಲ್ಲಿದೆ. ಮೊದಲ ದರ್ಜೆಯ 144 ಹೆಂಗಸರಲ್ಲಿ 140 ಮಂದಿ ಉಳಿದರು. ಮೂರನೇ ದರ್ಜೆಯ 165ರಲ್ಲಿ 76. ಎರಡನೇ ದರ್ಜೆಯ 24 ಮಕ್ಕಳೂ ಉಳಿದವು. ಮೂರನೇ ದರ್ಜೆಯ 79ರಲ್ಲಿ 27.

ಬ್ರಿಟನ್ನಿನ ತನಿಖೆ ಪಕ್ಷಪಾತವಿರಲಿಲ್ಲ ಎಂದಿತು. ಅವರು ಸಾಮಾನು ಬಿಟ್ಟು ಬರಲು ಒಪ್ಪಲಿಲ್ಲವಂತೆ, ತುದಿಯಿಂದ ಮೇಲೆ ಬರುವುದೂ ಕಷ್ಟವಾಯಿತಂತೆ. ಇಡೀ ಬದುಕನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಟ ಹೆಂಗಸು ಅದನ್ನು ಬಿಡಲು ಹಿಂಜರಿದದ್ದು ನಮಗೆ ಅರ್ಥವಾಗದೇ? ಆ ತನಿಖೆಯಲ್ಲಿ ಮೂರನೇ ದರ್ಜೆಯ ಒಬ್ಬ ಪ್ರಯಾಣಿಕರನ್ನೂ ಸಾಕ್ಷಿಗೆ ಕರೆಯಲಿಲ್ಲ.

1914ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳು ಕೂಡಿ ಹಡಗುಗಳ ಸುರಕ್ಷತೆಗೆ ಮೊದಲ ಒಪ್ಪಂದ ಮಾಡಿದವು. ಅದು ಬೆಳೆಯುತ್ತ ಬಂದು, ಇಂದು ಪ್ರಯಾಣಿಕರ ಹಡಗಿನಲ್ಲಿ ಪಾರಾಗಲು ಸಾಮಾನ್ಯವಾಗಿ ಕನಿಷ್ಠ ಎರಡು ದಾರಿಗಳಿರಬೇಕು. ಹೊಗೆ ಮೇಲೇರುವುದರಿಂದ ದಾರಿ ತೋರುವ ಗುರುತುಗಳು ನೆಲದ ಹತ್ತಿರ ಬೆಳಗಬೇಕು.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಆ ಹುಡುಗಿ ಸುಮ್ಮನೆ ಕೇಳಿಸಿಕೊಂಡು, "ಹಾಗಾದ್ರೆ ನಮ್ಮ ಹಿಂದಿನ ಮೆಟ್ಟಿಲು ಮಿಸ್?" ಎಂದಳು.

ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, "ಸಾರ್, ಆ ಬೀಗದ ಕೈ ಎಲ್ಲಿದೆ?" ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಬೀಗವನ್ನೇ ಒಡೆಸಬೇಕಾಯಿತು. ಈಗ ಹುಡುಗರು ಆಗೊಮ್ಮೆ ಈಗೊಮ್ಮೆ ಅಲ್ಲಿಂದ ಓಡಿಹೋಗುತ್ತಾರೆ. ಹೋಗಲಿ, ಹಿಡಿದು ತಂದರಾಯಿತು.