ವ್ಲಾದಿಮಿರ್ ಲೂಕಿನ್ನರ ರಾಜಕೀಯ ಜೀವನ

ರಷ್ಯಾ ದೇಶದ ಇತ್ತೀಚಿನ ಚರಿತ್ರೆಯಲ್ಲಿ ರಾಜ್ಯಶಕ್ತಿಯನ್ನು ಎದುರಿಸಿ ಸೆರೆಮನೆ ಸೇರಿದವರ ಹೆಸರುಗಳೂ, ಅದಕ್ಕೆ ಸಂಪೂರ್ಣವಾಗಿ ಅಧೀನರಾಗಿ ಪದವಿಗೇರಿದವರ ಹೆಸರುಗಳೂ ಪ್ರಸಿದ್ಧವಾಗಿವೆ. ರಾಜ್ಯದ ಸೇವೆಯಲ್ಲಿದ್ದುಕೊಂಡೇ ಸ್ವಂತ ವಿವೇಚನೆಯನ್ನು ಉಳಿಸಿಕೊಳ್ಳಲೆತ್ನಿಸಿದವರು ವಿರಳ. ವ್ಲಾದಿಮಿರ್ ಪೆತ್ರೋವಿಚ್ ಲೂಕಿನ್ನರು ಅಂಥವರಲ್ಲೊಬ್ಬರು. ಈ ಮಧ್ಯಮಾರ್ಗದಿಂದ ಸಾಧ್ಯವಾದುದೆಷ್ಟು, ಅಸಾಧ್ಯವಾದುದೆಷ್ಟು ಎಂಬುದು ಅವರ ಜೀವನಕ್ರಮದಿಂದ ವ್ಯಕ್ತವಾಗುವುದು.

ಲೂಕಿನ್ನರು 1937ರಲ್ಲಿ ಸೈಬೀರಿಯಾದ ಓಮ್ಸ್ಕ್ ನಗರದಲ್ಲಿ ಜನಿಸಿದರು. ಅದು ಸ್ಟಾಲಿನ್ನನ ದಮನನೀತಿಯು ಪರಾಕಾಷ್ಠೆಯನ್ನು ಮುಟ್ಟಿದ ವರ್ಷ. ಅವರು ಕೂಸಾಗಿದ್ದಾಗಲೇ ತಂದೆತಾಯಿಗಳಿಬ್ಬರೂ ಬಂಧಿತರಾಗಿ, ಕಾಲಾನಂತರದಲ್ಲಿ ಬಿಡುಗಡೆ ಹೊಂದಿದರು. ಮಾಸ್ಕೋವಿನಲ್ಲಿ ಇತಿಹಾಸವನ್ನು ಅಭ್ಯಾಸ ಮಾಡಿದ ಲೂಕಿನ್ನರು 1965ರಲ್ಲಿ ಪ್ರಾಗ್ ನಗರಕ್ಕೆ ತೆರಳಿ, ಅಲ್ಲಿ ಪ್ರಕಟವಾಗುತ್ತಿದ್ದ ಅಂತಾರಾಷ್ಟ್ರೀಯ ಕಮ್ಯೂನಿಸ್ಟ್ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದರು. 1968ರ ಆಗಸ್ಟಿನಲ್ಲಿ ಸೋವಿಯತ್ ಸೈನ್ಯವು ಚೆಕೊಸ್ಲೊವಾಕಿಯವನ್ನು ಆಕ್ರಮಿಸಿದಾಗ ಅವರು ಅದನ್ನು ಒಪ್ಪಲಿಲ್ಲ. ತತ್ಫಲವಾಗಿ ಸ್ವದೇಶಕ್ಕೆ ಹಿಂದಕ್ಕೆ ಕರೆಸಲ್ಪಟ್ಟರು.

ಅನಂತರ ಸುಮಾರು ಎರಡು ದಶಕಗಳ ಕಾಲ ಅವರು ಅಮೆರಿಕ ಮತ್ತು ಕೆನಡಾ ದೇಶಗಳ ಅಧ್ಯಯನಸಂಸ್ಥೆಯಲ್ಲಿ ವಿದ್ವಾಂಸರಾಗಿದ್ದರು. 1987ರಲ್ಲಿ ವಿದೇಶಾಂಗ ಇಲಾಖೆಯನ್ನು ಪ್ರವೇಶಿಸಿ, 1990ರಲ್ಲಿ ಜನಪ್ರತಿನಿಧಿಯಾಗಿ ಚುನಾಯಿತರಾದರು. ಸೋವಿಯತ್ ಒಕ್ಕೂಟವು ಅಳಿದ ತರುವಾಯ, 1992ರಲ್ಲಿ, ರಷ್ಯದ ರಾಯಭಾರಿಯಾಗಿ ವಾಷಿಂಗ್ಟನ್ನಿಗೆ ಹೋದರು. 1993ರಲ್ಲಿ ಯವ್ಲೀನ್‌ಸ್ಕಿ ಮತ್ತು ಬೋಲ್ದಿರೆವ್ ಎಂಬುವರೊಡನೆ ಕೂಡಿ ಅವರು ಕಟ್ಟಿದ ಉದಾರವಾದಿ ಪಕ್ಷಕ್ಕೆ ಮೂವರ ಹೆಸರುಗಳ ಮೊದಲಕ್ಷರಗಳಿಂದ ‘ಯಾಬ್ಲೊಕೊ’ ಎಂಬ ಹೆಸರು ಬಂದಿತು. ರಷ್ಯನ್ ಭಾಷೆಯಲ್ಲಿ ಆ ಪದಕ್ಕೆ ಸೇಬಿನ ಹಣ್ಣೆಂದರ್ಥ. ದೂಮಾ ಎಂಬ ಶಾಸನಸಭೆಯಲ್ಲಿ ಅವರು ಹತ್ತು ವರ್ಷ ಸದಸ್ಯರಾಗಿದ್ದರು. 2003ರ ಚುನಾವಣೆಯಲ್ಲಿ ಯಾಬ್ಲೊಕೊ ಪಕ್ಷವು ಶೇಕಡ 5ರ ಮಿತಿಯನ್ನು ಮುಟ್ಟದೆ ಸೋತಿತು.

ಮರುವರ್ಷ ಅದೇ ದೂಮಾ ಲೂಕಿನ್ನರನ್ನು ಮಾನವಹಕ್ಕುಗಳ ಆಯುಕ್ತರನ್ನಾಗಿ ನೇಮಿಸಿತು. ಈ ಪದವಿಯು 1993ರ ರಾಜ್ಯಾಂಗದಿಂದ ಹುಟ್ಟಿದುದು. ಇದನ್ನು ಮೊದಲು ವಹಿಸಿದ್ದ ಸೆರ್ಗೇಯ್ ಕೊವಲ್ಯೋವರು ಚೆಚೆನ್ಯ ಯುದ್ಧವನ್ನು ಖಂಡಿಸಿದುದಕ್ಕಾಗಿ 1995ರಲ್ಲಿ ಪದಚ್ಯುತರಾಗಿದ್ದರು. 1997ರ ಶಾಸನದಂತೆ ಆಯುಕ್ತನು ಸೆರೆಮನೆಗಳನ್ನು ಸಂದರ್ಶಿಸಬಹುದು, ದಾಖಲೆಗಳನ್ನು ಕೇಳಬಹುದು, ನ್ಯಾಯಾಲಯದ ಮೊರೆಹೋಗಬಹುದು, ವರ್ಷಕ್ಕೊಮ್ಮೆ ವರದಿಯನ್ನೊಪ್ಪಿಸಬೇಕು. ಆದರೆ ಯಾವ ಅಧಿಕಾರಿಯ ಆಜ್ಞೆಯನ್ನೂ ಸ್ವತಃ ರದ್ದುಗೊಳಿಸಲಾರನು. ಅವನಿಗಿರುವ ಬಲವು ಮಾತಿನ ಬಲವೊಂದೇ. 2010ರ ಮೇ 31ರಂದು ಮಾಸ್ಕೋವಿನಲ್ಲಿ ಸಭಾಸ್ವಾತಂತ್ರ್ಯಕ್ಕಾಗಿ ಜನರು ಕೂಡಿದಾಗ, ಲೂಕಿನ್ನರು ತಾವೇ ಅಲ್ಲಿಗೆ ಹೋಗಿ ನೋಡಿ, ಪೊಲೀಸರ ವರ್ತನೆಯನ್ನು ಆಕ್ಷೇಪಿಸಿದರು. ಅಂಥ ಸಭೆಗಳನ್ನು ಚದುರಿಸುವುದು ಅದರಿಂದ ನಿಲ್ಲಲಿಲ್ಲ.

ಅಧಿಕಾರಾವಧಿಯ ಕೊನೆಯಲ್ಲಿ ಅವರಿಗೆ ಮತ್ತೊಂದು ರಾಯಭಾರವು ಒದಗಿತು. 2014ರ ಫೆಬ್ರುವರಿಯಲ್ಲಿ ಕೀವ್ ನಗರದಲ್ಲಿ ರಕ್ತಪಾತವಾದಾಗ ರಷ್ಯದ ಪ್ರತಿನಿಧಿಯಾಗಿ ಅವರನ್ನು ಸಂಧಾನಕ್ಕೆ ಕಳುಹಿಸಲಾಯಿತು. 21ರಂದು ಉಕ್ರೇನಿನ ಅಧ್ಯಕ್ಷರೂ ವಿರೋಧಪಕ್ಷದ ಮುಖಂಡರೂ ಒಪ್ಪಂದಕ್ಕೆ ರುಜು ಮಾಡಿದರು. ಜರ್ಮನಿ, ಪೋಲೆಂಡ್, ಫ್ರಾನ್ಸ್ ದೇಶಗಳ ಪ್ರತಿನಿಧಿಗಳು ಸಾಕ್ಷಿ ಹಾಕಿದರು. ಲೂಕಿನ್ನರ ರುಜು ಮಾತ್ರ ಅದರಲ್ಲಿಲ್ಲ. ಮುಂದಿನ ತಿಂಗಳು ಅವರ ಅವಧಿಯೂ ಮುಗಿಯಿತು. ಆದರೂ ಮೇ ತಿಂಗಳಲ್ಲಿ ಸ್ಲೊವ್ಯಾನ್ಸ್ಕಿನಲ್ಲಿ ಸೆರೆಸಿಕ್ಕಿದ್ದ ವಿದೇಶೀ ಸೈನಿಕವೀಕ್ಷಕರ ಬಿಡುಗಡೆಗೆ ಅವರೇ ಹೋಗಬೇಕಾಯಿತು.

1968ರಲ್ಲಿ ಲೂಕಿನ್ನರು ತೋರಿದ ಅಸಮ್ಮತಿಯು ಸ್ವಂತ ಅಂತಃಕರಣದ್ದು. 2014ರಲ್ಲಿ ತಡೆಹಿಡಿದ ರುಜುವಾದರೋ ರಾಜ್ಯದ ಪ್ರತಿನಿಧಿಯದು. ಈ ಎರಡು ನಿರಾಕರಣೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇವೆರಡರ ನಡುವಣ ಅಂತರವೇ ಅವರು ಹಿಡಿದ ಮಾರ್ಗಕ್ಕೆ ತೆತ್ತ ಬೆಲೆ. ಬಂಧಿತರ ಬಾಗಿಲನ್ನು ಕೆಲವೊಮ್ಮೆ ತೆರೆಯಿಸಬಲ್ಲುದಾದರೂ, ರಾಜ್ಯದ ಗತಿಯನ್ನು ಬದಲಿಸಬಲ್ಲ ಶಕ್ತಿಯು ಆ ಮಾರ್ಗಕ್ಕಿರಲಿಲ್ಲ.