ಕಲ್ಪನಾ ಸಾಹಿತ್ಯದಲ್ಲಿ ಗ್ರಂಥಪಾಲಕ

ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗಳಲ್ಲಿ ಪುಸ್ತಕ, ಓಲೆಗರಿ, ಕಡತ ಇಲ್ಲವೇ ದತ್ತಾಂಶದ ಭಂಡಾರವನ್ನು ನೋಡಿಕೊಳ್ಳುವ ಪಾತ್ರ. ಇಲ್ಲದ ಲೋಕವೊಂದನ್ನು ಕಟ್ಟುವ ಕಥೆಗಾರನಿಗೆ ಆ ಲೋಕದ ಹಿಂದಿನ ಕಥೆ, ಶಾಪ, ನಕ್ಷೆ, ವಂಶಾವಳಿಗಳನ್ನು ಓದುಗರ ಕಿವಿಗೆ ಹಾಕಲು ಯಾರಾದರೂ ಒಬ್ಬರು ಬೇಕು. ನಮ್ಮ ಪುರಾಣಗಳಲ್ಲಿ ಸೂತನೋ ನಾರದನೋ ಆ ಕೆಲಸ ಮಾಡಿದರು. ಇಪ್ಪತ್ತನೆಯ ಶತಮಾನದ ಕಥೆಗಳಲ್ಲಿ ಅದರ ದೊಡ್ಡ ಪಾಲು ಲೈಬ್ರರಿಯನ್ನನ ತಲೆಗೆ ಬಂತು. ಪಾತ್ರದ ಬಣ್ಣ ಗೊತ್ತಾಗುವುದು ಒಂದೇ ಪ್ರಶ್ನೆಯಿಂದ: ಕೇಳಿ ಬಂದವರಿಗೆ ಈತ ಪುಸ್ತಕ ಕೊಡುತ್ತಾನೋ, ಬಚ್ಚಿಡುತ್ತಾನೋ? ಕನ್ನಡ ನಾಡಿನ ಚರಿತ್ರೆಯಲ್ಲಿ ಎರಡೂ ಬಗೆಯವರು ನಿಜವಾಗಿಯೇ ಆಗಿಹೋಗಿದ್ದಾರೆ. ಅವರಲ್ಲಿ ಕೆಲವರ ಕಥೆ ಕಾದಂಬರಿಗಳನ್ನೂ ಮೀರಿಸುವಂಥದು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನವಿದೆ. ಅಲ್ಲಿದ್ದ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದಲ್ಲಿ ವೇದ ಕಲಿಯುವವರೇ 200 ಮಂದಿ. ಶಾಸನ ಅಧ್ಯಾಪಕರ ಜೊತೆಯಲ್ಲೇ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಅಂದರೆ ಗ್ರಂಥಪಾಲಕರನ್ನೂ, ಹೆಸರಿಸುತ್ತದೆ. ಬಾಯಿಪಾಠವೇ ಓದಾಗಿದ್ದ ಕಾಲದಲ್ಲೂ ಓಲೆಯ ಕಟ್ಟುಗಳನ್ನು ಕಾಯಲು ಆರು ಜನ ಬೇಕಾಗಿತ್ತು. ಇಂದಿನ ಎಷ್ಟೋ ಪದವಿ ಕಾಲೇಜುಗಳಿಗೆ ಅಷ್ಟು ಸಿಬ್ಬಂದಿ ಮಂಜೂರಾಗುವುದಿಲ್ಲ.

ಬಚ್ಚಿಟ್ಟವರ ಕಥೆಗೆ ಮೂಡಬಿದಿರೆಗೆ ಹೋಗಬೇಕು. ದಿಗಂಬರ ಜೈನರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯ ತಾಡವೋಲೆಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಭಕ್ತರಿಗೆ ಅವು ದರ್ಶನಕ್ಕೆ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಗರಿಗಳು ಶಿಥಿಲವಾಗುತ್ತಿವೆ ಎಂಬ ಆತಂಕದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡಿಸಲು ಒಪ್ಪಿಗೆಯೇನೋ ಸಿಕ್ಕಿತು. ಆದರೆ ಪ್ರತಿ ಊರು ಬಿಟ್ಟು ಹೋಗುವಂತಿರಲಿಲ್ಲ. ನಕಲಿನ ಕೆಲಸಕ್ಕೆ ಬಂದ ಗಜಪತಿ ಉಪಾಧ್ಯಾಯರು ಹೆಂಡತಿಯ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನಪುರ ಸೇರಿತು. ಅಲ್ಲಿಂದ ಪ್ರತಿಯ ಪ್ರತಿಗಳು ಹರಡಿದವು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಧವಲಾದಲ್ಲಿ ಕರ್ಮಸಿದ್ಧಾಂತದ ಜೊತೆಗೆ ಗಣಿತವೂ ಇದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಅರ್ಧಚ್ಛೇದದ ಲೆಕ್ಕ, ಅನಂತದ ಬಗೆಗಳು. ಅನಂತವನ್ನು ವಿಂಗಡಿಸಿದ ಗ್ರಂಥವೇ ಬೀಗದೊಳಗಿತ್ತು. ಬಚ್ಚಿಟ್ಟವರನ್ನು ಸುಮ್ಮನೆ ಬೈಯುವುದು ಸುಲಭ. ಅವರು ಅಷ್ಟು ಗಟ್ಟಿಯಾಗಿ ಕಾಯದಿದ್ದರೆ ಉಪಾಧ್ಯಾಯರಿಗೆ ಕದಿಯಲು ಏನೂ ಉಳಿದಿರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಬೀಗ ಹಾಕುವ ಇಂಥ ಪಾತ್ರಕ್ಕೆ ಪಾಶ್ಚಾತ್ಯ ಸಾಹಿತ್ಯ ಮುಖ ಕೊಟ್ಟದ್ದು ಅರ್ಜೆಂಟೀನಾದ ಹೋರ್ಹೆ ಲೂಯಿಸ್ ಬೋರ್ಹೆಸ್ ಮೂಲಕ. ಅಕ್ಷರಗಳ ಎಲ್ಲ ಜೋಡಣೆಗಳೂ ಪುಸ್ತಕವಾಗಿರುವ, ಆದ್ದರಿಂದ ಯಾವ ಪುಸ್ತಕವೂ ಕೈಗೆ ಸಿಗದ ಗ್ರಂಥಾಲಯವನ್ನು ಆತ 1941ರಲ್ಲಿ ಕಥೆಯಾಗಿಸಿದ. 1955ರಲ್ಲಿ ತನ್ನ ದೇಶದ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕನಾಗುವ ಹೊತ್ತಿಗೆ ಅವನ ಕಣ್ಣು ಮಂಜಾಗಿಹೋಗಿತ್ತು. ಆಮೇಲಿನವರು ಆ ಕುರುಡ ಗ್ರಂಥಪಾಲಕನನ್ನು ತಮ್ಮ ಕಥೆಗಳಿಗೆ ಎರವಲು ಪಡೆದರು. ಉಂಬರ್ಟೊ ಎಕೊನ 1980ರ ಕಾದಂಬರಿಯಲ್ಲಿ, ಅದು ಫ್ಯಾಂಟಸಿ ಅಲ್ಲದಿದ್ದರೂ, ಕುರುಡ ಸನ್ಯಾಸಿ ಹೋರ್ಹೆ ನಗೆಯ ಮೇಲಿನ ಗ್ರಂಥವನ್ನು ಯಾರೂ ಓದಬಾರದೆಂದು ಹಾಳೆಗಳಿಗೆ ವಿಷ ಸವರುತ್ತಾನೆ. ಅದೇ ವರ್ಷ ಬಂದ ಜೀನ್ ವುಲ್ಫ್‌ನ ದೂರಭವಿಷ್ಯದ ಕಾದಂಬರಿಯಲ್ಲಿ ಅಲ್ಟನ್ ಎಂಬ ಕುರುಡ ಗ್ರಂಥಪಾಲಕ ಬರುತ್ತಾನೆ. ಅವನು ಕೊಡುವ ಪೈಕಿ. ಹ್ಯಾರಿ ಪಾಟರ್ ಓದಿದ ಮಕ್ಕಳಿಗೆ ಸಿಡುಕಿನ ಗ್ರಂಥಪಾಲಕಿ ಮೇಡಂ ಪಿನ್ಸ್ ಗೊತ್ತು.

ಕೊಡುವವರ ಸಾಲಿನಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳಿಗೆ ಮೊದಲ ಜಾಗ. 1891ರಲ್ಲಿ ಶುರುವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅವರು ಗ್ರಂಥಪಾಲಕರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಅವರು 1905ರಲ್ಲಿ ಗುರುತಿಸಿದರು. ಅಲ್ಲಿಯವರೆಗೆ ವಿದ್ವಾಂಸರು ಅದರ ಹೆಸರನ್ನು ಮಾತ್ರ ಬಲ್ಲವರಾಗಿದ್ದರು. 1909ರಲ್ಲಿ ಮೂಲಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಕಳೆದುಹೋದ ಗ್ರಂಥ ಧೂಳಿನ ಕಟ್ಟಿನಲ್ಲಿ ಸಿಗುವುದು ಫ್ಯಾಂಟಸಿಯ ಸವೆದ ತಂತ್ರ. ಇಲ್ಲಿ ಅದು ಸಂಬಳಕ್ಕಿದ್ದ ಒಬ್ಬ ಪಂಡಿತರ ದಿನಚರಿಯ ಭಾಗವಾಗಿ ನಡೆಯಿತು.

ಇನ್ನೊಬ್ಬರು ಎಸ್.ಆರ್. ರಂಗನಾಥನ್. ಹುಟ್ಟಿದ್ದು ತಮಿಳುನಾಡಿನ ಶಿಯಾಳಿಯಲ್ಲಿ, ಓದಿ ಕಲಿಸಿದ್ದು ಗಣಿತ. ಕೊನೆಯ ವರ್ಷಗಳನ್ನು ಕಳೆದದ್ದು, 1972ರಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅವರು ಇಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗ ಮೈಸೂರು ರಸ್ತೆಯಲ್ಲಿದೆ. 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರಲ್ಲೇ ಪುಸ್ತಕ ಇರುವುದು ಬಳಕೆಗೆ ಎಂದು ಹೇಳಿ ಅವರು ಬಚ್ಚಿಡುವವರ ಪಕ್ಷವನ್ನು ಸೋಲಿಸಿದ್ದರು. ಐದನೆಯ ಸೂತ್ರದಲ್ಲಿ ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಿ ಎಂದರು. ಬೋರ್ಹೆಸ್ ಹತ್ತು ವರ್ಷದ ನಂತರ ಭಯವಾಗಿ ಕಂಡದ್ದು ರಂಗನಾಥನ್ ಅವರಿಗೆ ವರ್ಗೀಕರಣದ ಸಮಸ್ಯೆಯಾಗಿ ಕಂಡಿತ್ತು. ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ವಿಷಯವನ್ನು ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುತ್ತಾರೆ. ಹಾಗಾಗಿ ನಾಳೆ ಹುಟ್ಟುವ ವಿಷಯಕ್ಕೂ ಅಲ್ಲಿ ಜಾಗವಿದೆ.

ಆ ಐದನೆಯ ಸೂತ್ರವನ್ನು ಅಕ್ಷರಶಃ ನಂಬಿದವನಂತೆ ಬರೆದವನು ಟೆರಿ ಪ್ರ್ಯಾಚೆಟ್. ಅವನ ಡಿಸ್ಕ್‌ವರ್ಲ್ಡ್ ಸರಣಿಯ ವಿಶ್ವವಿದ್ಯಾಲಯದ ಗ್ರಂಥಪಾಲಕ 1986ರ ಕಾದಂಬರಿಯಲ್ಲಿ ಮಂತ್ರದ ಅವಘಡದಿಂದ ಒರಾಂಗುಟಾನ್ ಆಗುತ್ತಾನೆ. ಮರಳಿ ಮನುಷ್ಯನಾಗಲು ಒಪ್ಪುವುದಿಲ್ಲ, ಏಕೆಂದರೆ ಉದ್ದನೆಯ ಕೈಗೆ ಮೇಲಿನ ಕಪಾಟು ಎಟಕುತ್ತದೆ. ಆಡುವ ಮಾತು ಬಹುಪಾಲು ‘ಊಕ್’ ಒಂದೇ; ಎದುರಿಗಿದ್ದವರಿಗೆಲ್ಲ ಅದು ಅರ್ಥವಾಗುತ್ತದೆ. ಪುಸ್ತಕಗಳ ರಾಶಿ ದೇಶಕಾಲಗಳನ್ನೇ ಬಗ್ಗಿಸುತ್ತದೆ, ಹೀಗಾಗಿ ಎಲ್ಲ ಗ್ರಂಥಾಲಯಗಳೂ ಒಳಗಿಂದೊಳಗೆ ಒಂದಕ್ಕೊಂದು ಕೂಡಿಕೊಂಡಿವೆ ಎಂಬುದು ಪ್ರ್ಯಾಚೆಟ್‌ನ ಸಿದ್ಧಾಂತ. ಈ ಲೇಖನ ಬರೆದವನ ಮಟ್ಟಿಗೆ ಇಡೀ ಪ್ರಕಾರದ ಅತ್ಯುತ್ತಮ ಗ್ರಂಥಪಾಲಕ ಇವನೇ.

ವಿಜ್ಞಾನ ಕಥೆ ಮೊದಮೊದಲು ಈ ಪಾತ್ರವನ್ನು ಕರೆಯಲೇ ಇಲ್ಲ. ಎಚ್.ಜಿ. ವೆಲ್ಸ್‌ನ 1895ರ ಕಾಲಯಾನಿ ಎಂಟು ಲಕ್ಷ ವರ್ಷ ದಾಟಿ ಹೋದಾಗ ಕಾಣುವುದು ಪಾಳು ಸಂಗ್ರಹಾಲಯದಲ್ಲಿ ಚಿಂದಿಯಾಗಿ ನೇತಾಡುವ ಪುಸ್ತಕಗಳನ್ನು. ಕಾಯುವವರು ಯಾರೂ ಉಳಿದಿಲ್ಲ. ರೇ ಬ್ರ್ಯಾಡ್‌ಬರಿ 1953ರಲ್ಲಿ ಪುಸ್ತಕ ಸುಡುವ ದೇಶವನ್ನು ಕಲ್ಪಿಸಿ, ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿ ಉಳಿಸುವಂತೆ ಮಾಡಿದ. ನಾಗಾವಿಯ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸುತ್ತಿರಲಿಲ್ಲ. 1992ರ ‘ಸ್ನೋ ಕ್ರ್ಯಾಶ್’ನಲ್ಲಿ ನೀಲ್ ಸ್ಟೀಫನ್‌ಸನ್ ಗ್ರಂಥಪಾಲಕನನ್ನು ಕಂಪ್ಯೂಟರ್ ಪ್ರೋಗ್ರಾಂ ಮಾಡಿಬಿಟ್ಟ. ಅಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವೂ ಬೇಹುಗಾರಿಕೆ ಸಂಸ್ಥೆಯೂ ಒಂದಾಗಿ ಲಾಭದ ಕಂಪನಿಯಾಗಿವೆ. ಇಂದು ಮೊಬೈಲಿನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವವರಿಗೆ ಆ ಸೌಜನ್ಯದ ಯಂತ್ರ ಪರಿಚಿತ ಎನಿಸೀತು.

ಕನ್ನಡದ ವಿಜ್ಞಾನ ಕಥೆಯ ಒಲವು ಪ್ರಯೋಗಾಲಯ ಮತ್ತು ಕಾಡಿನ ಕಡೆಗೆ. ರಾಜಶೇಖರ ಭೂಸನೂರಮಠ ಅನ್ಯಗ್ರಹ, ಆಕಾಶಯಾನಗಳತ್ತ ಹೊರಟರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದ ವಿಜ್ಞಾನಿ ಹಾರುವ ಓತಿಯನ್ನು ಹುಡುಕುತ್ತ ಮಲೆನಾಡಿನ ಕಾಡು ಹೊಕ್ಕ. ಮೂಡಬಿದಿರೆಯಂಥ ವಸ್ತು ಮನೆಬಾಗಿಲಲ್ಲೇ ಇದ್ದೂ ಗ್ರಂಥಪಾಲಕ ನಮ್ಮಲ್ಲಿ ನಾಯಕನ ಪಟ್ಟಕ್ಕೆ ಏರಲಿಲ್ಲವೆಂಬುದು ಕೊರತೆಯೇ.

ಮೋಸಹೋಗುವ ಗ್ರಂಥಪಾಲಕ ಎಂಬ ಮೂರನೆಯ ಬಗೆಯೂ ಒಂದುಂಟು. 2002ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಜೊಕಾಸ್ಟಾ ನೂ ಎಂಬ ಹಿರಿಯಳು ತನ್ನ ದಾಖಲೆಯಲ್ಲಿ ಇಲ್ಲದ ಗ್ರಹ ಲೋಕದಲ್ಲೇ ಇಲ್ಲವೆಂದು ಹಟ ಹಿಡಿಯುತ್ತಾಳೆ; ದಾಖಲೆಯನ್ನು ಯಾರೋ ಅಳಿಸಿರುತ್ತಾರೆ. ಇವಳ ದೂರದ ಬಂಧುವೊಬ್ಬ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿದ್ದಾನೆ. ಬಿಳೇಕಹಳ್ಳಿಯಲ್ಲಿರುವ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣ, ಬಿ.ವಿ. ದೋಶಿ ವಿನ್ಯಾಸಗೊಳಿಸಿದ ಕಲ್ಲಿನ ಪಡಸಾಲೆಗಳ ಸಮೇತ, 2009ರ ‘ತ್ರೀ ಈಡಿಯಟ್ಸ್’ ಹಿಂದಿ ಚಿತ್ರದಲ್ಲಿ ಇಂಪೀರಿಯಲ್ ಎಂಜಿನಿಯರಿಂಗ್ ಕಾಲೇಜಾಯಿತು. ಅದು ಫ್ಯಾಂಟಸಿ ಚಿತ್ರವಲ್ಲ, ಆದರೆ ಆ ಕಾಲೇಜು ಪೂರ್ತಿ ಕಲ್ಪಿತ. ಅಲ್ಲಿನ ಲೈಬ್ರರಿಯನ್ ದುಬೆ, ಅಖಿಲ್ ಮಿಶ್ರಾ ನಟಿಸಿದ ಪಾತ್ರ, ಹಿಂದಿ ಅಷ್ಟಾಗಿ ಬಾರದ ವಿದ್ಯಾರ್ಥಿ ಚತುರ್‌ಗೆ ಸಂಸ್ಕೃತಮಯ ಭಾಷಣ ಬರೆದುಕೊಡುತ್ತಾನೆ. ಸಹಪಾಠಿ ರಾಂಚೊ ಅದರಲ್ಲಿ ಕೆಲವೇ ಪದ ಬದಲಿಸುತ್ತಾನೆ. ಬರೆದ ದುಬೆಗೂ ಗೊತ್ತಾಗದು, ಗಟ್ಟು ಹೊಡೆದ ಚತುರ್‌ಗೂ ಗೊತ್ತಾಗದು. ತುಂಬಿದ ಸಭೆಯಲ್ಲಿ ಚತುರ್ ಅದನ್ನು ಎದೆಯುಬ್ಬಿಸಿ ಒಪ್ಪಿಸುತ್ತಾನೆ.