ಭಾರಿ ಕೋವಿಯ ಒದೆತ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ಕಂಡವರಿಗೆ ಅದು ಭಾರಿ ಬೇಟೆಯ ನಾಡಲ್ಲವೆಂಬುದು ವಿದಿತವೇ ಆಗಿದೆ. ಕೃಷ್ಣೆಯ ಕರಿಮಣ್ಣು, ನಿಪ್ಪಾಣಿಯ ತಂಬಾಕು, ಜೋಳದ ಹೊಲ. ಇಂತಹ ಬಯಲಿಗೆ ಒಪ್ಪುವ ಮೃಗವೆಂದರೆ ಚಿಗರೆ. 1949ರವರೆಗೆ ರಾಯಬಾಗವು ಸೇರಿದ್ದ ಕೊಲ್ಹಾಪುರ ಸಂಸ್ಥಾನದ ಅರಸರು ಚಿಗರೆಯ ಬೇಟೆಗೆ ಪಳಗಿಸಿದ ಸಿವಂಗಿಗಳನ್ನು ಬಿಡುತ್ತಿದ್ದುದು ಪ್ರಸಿದ್ಧವಾಗಿದೆ. ಆದರೆ ಅದೇ ಅರಸರ ಬೇಟೆಗಾಡಾದ ದಾಜೀಪುರವು ನಿಪ್ಪಾಣಿಯ ಪಡುವಣಕ್ಕೆ, ಸಹ್ಯಾದ್ರಿಯ ಮೇಲಿದೆ. ಅಲ್ಲಿಯ ಮೃಗ ಕಾಡುಕೋಣ. ಪೊದೆಯ ಮರೆಯಿಂದ ಹತ್ತಾರು ಗಜ ದೂರದಲ್ಲಿ ಮೇಲೆ ಬೀಳಬಲ್ಲ ಅಂತಹ ಪ್ರಾಣಿಗಾಗಿ ಹುಟ್ಟಿದುದೇ ಜೋಡುನಳಿಗೆಯ ಭಾರಿ ರೈಫಲು. ಅದನ್ನು ಹಿಡಿಯುವ ವಿದ್ಯೆಯ ಚರಿತ್ರೆಯನ್ನು ನಾವು ಇಂದು ಸಂಕ್ಷೇಪವಾಗಿ ನೋಡೋಣ.

ಕರಿಮದ್ದಿನ ಕಾಲದಲ್ಲಿ ಗುಂಡಿನ ಬಲವನ್ನು ಹೆಚ್ಚಿಸಲು ಗುಂಡನ್ನೇ ದೊಡ್ಡದು ಮಾಡುವುದೊಂದೇ ಸುಲಭವಾದ ಮಾರ್ಗವಾಗಿತ್ತು. ನಾಲ್ಕನೆಯ ನಂಬರಿನ ಕೋವಿ ಎಂದರೆ, ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡುಗಳಾಗುವಷ್ಟು ಅಗಲವಾದ ನಳಿಗೆಯುಳ್ಳದ್ದು. ಮೈಸೂರು ಸೀಮೆಯಲ್ಲಿ 1874ರಲ್ಲಿ ಆನೆಯ ಖೆಡ್ಡಾವನ್ನು ನಡೆಸಿದ ಸ್ಯಾಂಡರ್ಸನ್ ಎಂಬ ಅಧಿಕಾರಿಯು ಸುಮಾರು 20 ಪೌಂಡು ತೂಗುವ ಇಂತಹ ಜೋಡುನಳಿಗೆಯನ್ನು ಬಳಸುತ್ತಿದ್ದನು. ಸ್ಯಾಮ್ಯುಯೆಲ್ ಬೇಕರನಾದರೋ ಆಫ್ರಿಕಕ್ಕೆ ಅರ್ಧ ಪೌಂಡಿನ ಗುಂಡನ್ನು ಹಾರಿಸುವ ಕೋವಿಯನ್ನೇ ಒಯ್ದನು. ಅದು ಸಿಡಿದಾಗ ತಾನು ಬಿರುಗಾಳಿಗೆ ಸಿಕ್ಕ ಗಾಳಿಪಟ್ಟಿಯಂತೆ ತಿರುಗಿದೆನೆಂದು ಆತನೇ ಹೇಳಿಕೊಂಡಿದ್ದಾನೆ. ಆತನೋ ಆಜಾನುಬಾಹು! ಕೋವಿಯ ಬಲಕ್ಕೆ ಕಡೆಯ ಮೇರೆಯನ್ನು ಹಾಕಿದ್ದು ಕಮ್ಮಾರನ ಕೈಯಲ್ಲ, ಮನುಷ್ಯನ ಹೆಗಲು.

1898ರಲ್ಲಿ ಲಂಡನ್ನಿನ ರಿಗ್ಬಿಯವರು ಹೊಗೆಯಿಲ್ಲದ ಮದ್ದಿನ .450 ರೈಫಲನ್ನು ಹೊರತಂದಾಗ ಈ ಲೆಕ್ಕ ಬದಲಾಯಿತು. ಗುಂಡು ಕಿರಿದಾಯಿತು, ವೇಗ ಹೆಚ್ಚಿತು, ಕೋವಿಯೂ ಹಗುರವಾಯಿತು. ಅನಂತರ, ಆ ಅಳತೆಯ ತೋಟಾಗಳು ಸೈನ್ಯದ ಹಳೆಯ ಮಾರ್ಟಿನಿ ಬಂದೂಕುಗಳಿಗೆ ಒದಗಿ ದಂಗೆಕೋರರಿಗೆ ಅನುಕೂಲವಾದೀತೆಂಬ ಭಯದಿಂದ ಸರ್ಕಾರವು ಭಾರತದಲ್ಲಿ .450ನ್ನು ನಿಷೇಧಿಸಿತು. .465, .470 ಮುಂತಾದ ಹೊಸ ಅಳತೆಗಳು ಬಳಕೆಗೆ ಬಂದುದು ಇದರಿಂದಲೇ.

ಆದರೆ ನ್ಯೂಟನ್ನನ ನಿಯಮಕ್ಕೆ ನಿಷೇಧವುಂಟೇ? .470ರ ಗುಂಡು 500 ಗ್ರೇನ್ ತೂಗುತ್ತದೆ. ಸೆಕೆಂಡಿಗೆ ಸುಮಾರು 2150 ಅಡಿ ವೇಗದಿಂದ ಹೊರಡುತ್ತದೆ. ಪೌಂಡಿಗೆ 7000 ಗ್ರೇನ್ ಆದುದರಿಂದ, 11 ಪೌಂಡಿನ ಕೋವಿಯು ಗುಂಡಿಗಿಂತ 154 ಪಟ್ಟು ಭಾರ. ಎಂದರೆ ಗುಂಡಿನ ದೆಸೆಯಿಂದಲೇ ಕೋವಿಯು ಸೆಕೆಂಡಿಗೆ 14 ಅಡಿ ವೇಗದಿಂದ ಹಿಂದಕ್ಕೆ ಬರುತ್ತದೆ. ಮದ್ದಿನ ಅನಿಲದ ರಭಸ ಸೇರಿದರೆ ಇನ್ನೂ ಹೆಚ್ಚು. ಹೆಗಲಿಗೂ ಕೋವಿಗೂ ನಡುವೆ ಸಂದಿದ್ದರೆ ಅದು ಗುದ್ದು. ಸಂದಿಲ್ಲದಿದ್ದರೆ ಬರಿಯ ನೂಕು. ಹಿಡಿತದ ಮರ್ಮವೆಲ್ಲ ಈ ಭೇದದಲ್ಲಿಯೇ ಅಡಗಿದೆ.

ಆದಕಾರಣ ಅನುಭವಿಗಳು ಕೋವಿಯ ಮರವನ್ನು ಹೆಗಲಿನ ಗುಳಿಗೆ ಬಿಗಿಯಾಗಿ ಒತ್ತಿ, ಎಡಗಾಲನ್ನು ಮುಂದಿಟ್ಟು, ಮೈಭಾರವನ್ನು ಮುಂದಕ್ಕೆ ಬಾಗಿಸಿ ನಿಲ್ಲುತ್ತಿದ್ದರು. ಎಡಗೈ ನಳಿಗೆಗಳನ್ನು ಸುತ್ತಿ ಹಿಡಿದು, ಮೂತಿಯು ಮೇಲಕ್ಕೆ ಚಿಮ್ಮದಂತೆ ತಡೆಯಬೇಕು. ಬಲಗೈ ಸಡಿಲವಾದರೆ ಎರಡು ಕೇಡುಗಳು: ಟ್ರಿಗ್ಗರಿನ ಕಾವಲುಬಳೆಯು ನಡುಬೆರಳನ್ನು ಜಜ್ಜುತ್ತದೆ, ಹಿಂದಕ್ಕೆ ಜಾರಿದ ಕೋವಿಯಲ್ಲಿ ತೋರುಬೆರಳು ಎರಡನೆಯ ಟ್ರಿಗ್ಗರನ್ನು ತಾಕಿ ಎರಡು ನಳಿಗೆಗಳೂ ಬಹುಮಟ್ಟಿಗೆ ಒಮ್ಮೆಲೇ ಸಿಡಿಯಬಹುದು. ಮುಂದಿನ ಟ್ರಿಗ್ಗರನ್ನೇ ಮೊದಲು ಎಳೆಯುವುದು ವಾಡಿಕೆಯಾದುದು ಬೆರಳು ಅಲ್ಲಿಂದ ಹಿಂದಿನದಕ್ಕೆ ಸಹಜವಾಗಿ ಸರಿಯುವುದರಿಂದ. ಆ ಸರಿಯುವಿಕೆ ಬುದ್ಧಿಪೂರ್ವಕವಾಗಿರಬೇಕೇ ಹೊರತು ಒದೆತದಿಂದ ಆಗಬಾರದು.

ಇನ್ನೊಂದು ಸೂಕ್ಷ್ಮವುಂಟು. ಗುಂಡು ನಳಿಗೆಯನ್ನು ಬಿಡುವ ಮೊದಲೇ ಕೋವಿಯು ಚಲಿಸತೊಡಗುತ್ತದೆ. ಬಲನಳಿಗೆ ಸಿಡಿದರೆ ಬಲಕ್ಕೂ ಮೇಲಕ್ಕೂ, ಎಡದ್ದು ಸಿಡಿದರೆ ಎಡಕ್ಕೂ ಮೇಲಕ್ಕೂ. ಈ ಚಲನೆಯನ್ನು ಲೆಕ್ಕಕ್ಕೆ ಹಿಡಿದು, ಕುಶಲಿಯು ಎರಡು ನಳಿಗೆಗಳನ್ನೂ ಒಂದೇ ಗುರಿಗೆ ಕೂಡಿಸಿರುತ್ತಾನೆ. ಹಾಗಾಗಿ ನಳಿಗೆಯನ್ನು ಗಟ್ಟಿಯಾದ ಬಂಡೆಯ ಮೇಲೆ ಊರಿ ಹೊಡೆದರೆ ಗುಂಡು ತಪ್ಪುವುದು ಆಶ್ಚರ್ಯವಲ್ಲ. ಊರಬೇಕಾದುದು ಕೋವಿಯನ್ನಲ್ಲ, ಅದನ್ನು ಹಿಡಿದ ಕೈಯನ್ನು. ಹಿಡಿತವೂ ಯಂತ್ರದ ಒಂದು ಅಂಗವೆಂದೇ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರುವು ಒದೆತವಲ್ಲ, ಒದೆತದ ಭಯ. ಹೆದರಿದವನು ಗುಂಡು ಹೊರಡುವ ಮುನ್ನವೇ ಕಣ್ಣುಮುಚ್ಚಿ ಹೆಗಲನ್ನು ಅದುರಿಸುತ್ತಾನೆ. ಇದರ ಫಲವನ್ನು ಉಣ್ಣುವವನು ಅವನೊಬ್ಬನೇ ಅಲ್ಲ. ಗಾಯಗೊಂಡ ಕಾಡುಕೋಣವು ಪೊದೆ ಹೊಕ್ಕಾಗ ನೆತ್ತರಿನ ಜಾಡು ಹಿಡಿದು ಮುಂದೆ ನಡೆಯುತ್ತಿದ್ದವನು ಬರಿಗಾಲಿನ ಜಾಡುಗಾರ. ಬೇಟೆಯ ಪುಸ್ತಕಗಳಲ್ಲಿ ಸಾಹೇಬರ ಹೆಸರುಗಳು ಉಳಿದವು. ಅವನ ಹೆಸರು ಉಳಿದುದು ವಿರಳ. ಸರಿಯಾದ ಹಿಡಿತವು ಆ ಬಡವನ ಪ್ರಾಣಕ್ಕೂ, ಮೂಕಪ್ರಾಣಿಯ ಸಂಕಟಕ್ಕೂ ಸಂಬಂಧಿಸಿದ ಹೊಣೆಯಾಗಿತ್ತು.

1972ರ ವನ್ಯಜೀವಿ ಕಾಯಿದೆಯಿಂದ ಈ ಅಧ್ಯಾಯ ಮುಗಿದಿದೆ. ದಾಜೀಪುರದ ಬೇಟೆಗಾಡು ಇಂದು ಅಭಯಾರಣ್ಯ. ಇನ್ನು ಯಾವುದಾದರೂ ಅರಮನೆಯ ಗಾಜಿನ ಪೆಟ್ಟಿಗೆಯಲ್ಲಿ ಜೋಡುನಳಿಗೆಯನ್ನು ಕಂಡಾಗ ನಾವು ಅದರ ಕೆತ್ತನೆಯನ್ನು ಮೆಚ್ಚಿ ಸುಮ್ಮನಾಗದೆ, ಅದರ ತೂಕವನ್ನೂ ಎರಡು ಟ್ರಿಗ್ಗರುಗಳನ್ನೂ ಹೆಗಲಿಗೆ ತಾಗುವ ರಬ್ಬರಿನ ಮೆತ್ತೆಯನ್ನೂ ಗಮನಿಸೋಣ. ಬಲವನ್ನು ಕೈಗೆ ತೆಗೆದುಕೊಂಡವನು ಅದರ ಒದೆತವನ್ನು ತಾನೇ ತಾಳಬೇಕು, ಪಕ್ಕದವನಿಗೆ ದಾಟಿಸಬಾರದು ಎಂಬ ನೀತಿ ಅಲ್ಲಿ ಮರದಲ್ಲಿಯೂ ಉಕ್ಕಿನಲ್ಲಿಯೂ ಬರೆದಿದೆ.